ರೇಸ್ ಕಾರಿಗೆ ಒಂದು ನೋಟ್‌ಬುಕ್

ನ್ಯೂಜೆರ್ಸಿಯಲ್ಲಿ ಚಳಿ ಶುರುವಾದರೆ ರೇಡಿಯೋ ಕಂಟ್ರೋಲ್ ಕಾರುಗಳ ರೇಸು ಹೊರಗಿನ ಡಾಂಬರು ಬಿಟ್ಟು ಒಳಾಂಗಣದ ಕಾರ್ಪೆಟ್ ಸೇರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಕಾರು ಇಲ್ಲಿ ಮೊದಲ ತಿರುವಿನಲ್ಲೇ ಮಗುಚಿಕೊಳ್ಳಬಹುದು. ಆಗ ಮಕ್ಕಳು ಕೇಳುವುದು ಹೊಸ ಮೋಟಾರು. ಆದರೆ ವೇಗ ಹೆಚ್ಚಿದರೆ ಕಾರು ಇನ್ನೂ ಬೇಗ ಮಗುಚುತ್ತದೆ, ಅಷ್ಟೇ! ನೋಡಬೇಕಾದದ್ದು ಷಾಸಿ ಮತ್ತು ಸಸ್ಪೆನ್ಷನ್ ಕಡೆಗೆ.

ಊರಿಗೆ ಹೋದಾಗ ಆಗುಂಬೆ ಘಾಟಿಯ ಬಸ್ಸಿನಲ್ಲಿ ಕುಳಿತಿದ್ದೀರಾ? ತಿರುವಿನಲ್ಲಿ ನಾವು ಹೊರಬದಿಗೆ ವಾಲುತ್ತೇವೆ, ಬ್ರೇಕ್ ಹಾಕಿದರೆ ಮುಂದಕ್ಕೆ ಬಾಗುತ್ತೇವೆ. ಪುಟ್ಟ ಕಾರಿನ ಭಾರವೂ ಹೀಗೆಯೇ ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಯುತ್ತದೆ. ಆ ಭಾರವನ್ನು ಸ್ಪ್ರಿಂಗ್ ಹೊರುತ್ತದೆ. ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಷಾಕ್ ಅಬ್ಸಾರ್ಬರಿನೊಳಗಿನ ಸಿಲಿಕೋನ್ ಎಣ್ಣೆ ತಡೆಯುತ್ತದೆ.

ಕಾರ್ಪೆಟ್ ಮೇಲೆ ಟೈರಿಗೆ ಹಿಡಿತ ಜಾಸ್ತಿ. ಕೆಳಗೆ ಟೈರು ಜಾರದೆ ನಿಂತಾಗ ಮೇಲಿನ ಭಾರ ಹೊರಕ್ಕೆ ನುಗ್ಗಿ ಕಾರನ್ನು ಉರುಳಿಸುತ್ತದೆ. ಆದ್ದರಿಂದ ಕಾರನ್ನು ತಗ್ಗಿಸಬೇಕು, ಸ್ಪ್ರಿಂಗ್ ಸ್ವಲ್ಪ ಗಡಸಾಗಿರಬೇಕು. ನಿಜವಾದ ಕಾರಿನ ಹತ್ತನೇ ಒಂದು ಅಳತೆಯ ಟೂರಿಂಗ್ ಕಾರಿನ ಅಗಲ ಸುಮಾರು ೧೯ ಸೆಂಟಿಮೀಟರ್. ನೆಲದಿಂದ ಷಾಸಿಯ ಎತ್ತರ ೫ ಮಿಲಿಮೀಟರ್ ಆಸುಪಾಸು. ಅರ್ಧ ಮಿಲಿಮೀಟರ್ ಬದಲಾದರೂ ಓಟದಲ್ಲಿ ಗೊತ್ತಾಗುತ್ತದೆ.

ಕಾರಿನ ಕಾಯಿಲೆಗಳಿಗೆ ಕೆಲವು ಮದ್ದುಗಳು:

೧. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರವಾಗಿ ಹೋಗುತ್ತಿದ್ದರೆ ಮುಂದಿನ ಸ್ಪ್ರಿಂಗ್ ಮೃದುವಾದದ್ದು ಹಾಕಿ.

೨. ಹಿಂಭಾಗ ಜಾರಿ ಕಾರು ಗಿರಗಿರ ತಿರುಗಿದರೆ ಹಿಂದಿನ ಸ್ಪ್ರಿಂಗ್ ಮೃದು ಮಾಡಿ. ಹಿಂದಿನ ಚಕ್ರಗಳ ಮುಂತುದಿ ಒಳಮುಖವಾಗಿರುವುದಕ್ಕೆ ಟೋ-ಇನ್ ಎನ್ನುತ್ತಾರೆ; ಸಾಮಾನ್ಯವಾಗಿ ೨ರಿಂದ ೩ ಡಿಗ್ರಿ. ಅದನ್ನು ಸ್ವಲ್ಪ ಹೆಚ್ಚಿಸಿದರೂ ಕಾರು ಸ್ಥಿರವಾಗುತ್ತದೆ.

೩. ಟೈರಿನ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ಚಕ್ರದ ಮೇಲ್ಭಾಗವನ್ನು ಒಂದೆರಡು ಡಿಗ್ರಿ ಒಳಕ್ಕೆ ವಾಲಿಸಿ. ಇದು ಕ್ಯಾಂಬರ್.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪ್ರಿಂಗ್, ಎಣ್ಣೆ, ಟೈರು ಮೂರನ್ನೂ ಒಟ್ಟಿಗೆ ಬದಲಿಸಿ ಗೆದ್ದರೂ ಯಾವುದರಿಂದ ಗೆದ್ದಿರಿ ಎಂದು ತಿಳಿಯುವುದಿಲ್ಲ. ಸೋತರೆ ಹಿಂದಕ್ಕೆ ಬರಲು ದಾರಿಯೂ ಇರುವುದಿಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ಐದು ಸುತ್ತು ಓಡಿಸಿ, ಸಮಯ ಬರೆದುಕೊಳ್ಳಿ. ಒಂದನ್ನು ಬದಲಿಸಿ, ಮತ್ತೆ ಐದು ಸುತ್ತು ಓಡಿಸಿ ಬರೆಯಿರಿ. ಸೈನ್ಸ್ ಫೇರ್‌ನಲ್ಲಿ ನಿಮ್ಮ ಟೀಚರ್ ಹೇಳುವ ಪ್ರಯೋಗ ಪದ್ಧತಿ ಇದೇ ಅಲ್ಲವೇ?

ತಂದೆತಾಯಿಯರಿಗೂ ಒಂದು ಮಾತು. ಒಂದು ಜೊತೆ ಸ್ಪ್ರಿಂಗ್ ಹೊಸ ಮೋಟಾರಿಗಿಂತ ಬಹಳ ಅಗ್ಗ. ನೀವು ಸ್ಟಾಪ್‌ವಾಚ್ ಹಿಡಿದುಕೊಳ್ಳಿ, ಸ್ಕ್ರೂಡ್ರೈವರ್ ಮಕ್ಕಳ ಕೈಯಲ್ಲೇ ಇರಲಿ. ಕಾರು ಏಕೆ ಮಗುಚಿತು ಎಂದು ತಾನೇ ಕಂಡುಹಿಡಿದ ಮಗು ಮುಂದಿನ ಸಲ ಮೋಟಾರು ಕೇಳುವ ಮೊದಲು ನೋಟ್‌ಬುಕ್ ತೆರೆಯುತ್ತದೆ.