ಕಡಲಲ್ಲಿ ಗಾಳಿಯಿದೆ, ಕಂಬ ಯಾಕಿಲ್ಲ?

ಚಿತ್ರದುರ್ಗದ ಗುಡ್ಡದ ಮೇಲೆ, ಗದಗದ ಬಯಲಲ್ಲಿ ಗಾಳಿಯಂತ್ರ ತಿರುಗೋದನ್ನ ನೀವೆಲ್ಲ ನೋಡಿದ್ದೀರಿ. ಅದನ್ನೇ ಸಮುದ್ರದಲ್ಲಿ ಯಾಕೆ ನಿಲ್ಲಿಸಬಾರದು? ಒಳ್ಳೆ ಪ್ರಶ್ನೆ.

ಎಂಜಿನಿಯರಿಂಗ್‌ನಲ್ಲಿ ಓದಿದ ಒಂದು ಲೆಕ್ಕ ನನಗಿನ್ನೂ ಮರೆತಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರೋ ಶಕ್ತಿ ಎಂಟು ಪಟ್ಟಾಗುತ್ತೆ. ಕಡಲ ಮೇಲೆ ಗುಡ್ಡದ ಅಡ್ಡಿಯಿಲ್ಲ, ಕಟ್ಟಡದ ಅಡ್ಡಿಯಿಲ್ಲ, ಗಾಳಿ ಜೋರು. ಇದನ್ನರಿತ ಡೆನ್ಮಾರ್ಕ್ 1991ರಲ್ಲೇ ವಿಂಡೆಬಿ ಎಂಬಲ್ಲಿ 11 ಟರ್ಬೈನ್ ನಿಲ್ಲಿಸಿತು. ಎಲ್ಲ ಸೇರಿ ಸುಮಾರು 5 ಮೆಗಾವ್ಯಾಟ್. ಇವತ್ತಿನ ಒಂದೇ ದೊಡ್ಡ ಟರ್ಬೈನ್ ಅದರ ಎರಡು ಪಟ್ಟಿಗೂ ಹೆಚ್ಚು ಸಾಮರ್ಥ್ಯದ್ದು.

ನಾವು? 2015ರಲ್ಲಿ ನೀತಿ ತಂದೆವು. 2030ಕ್ಕೆ 30 ಗಿಗಾವ್ಯಾಟ್ ಅಂತ ಗುರಿ ಹಾಕಿದೆವು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಗುಜರಾತ್, ತಮಿಳುನಾಡು ಕಡಲಿನ ತಲಾ 500 ಮೆಗಾವ್ಯಾಟ್ ಯೋಜನೆಗೆ, ಬಂದರು ಸುಧಾರಣೆಯೂ ಸೇರಿ, 7,453 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಇಷ್ಟು ದುಡ್ಡು ಯಾಕೆ ಅಂದ್ರೆ, ಖರ್ಚು ಬರೀ ಯಂತ್ರದ್ದಲ್ಲ. ಸಮುದ್ರದ ತಳದಲ್ಲಿ ಅಡಿಪಾಯ ಹಾಕಬೇಕು, ದಡದವರೆಗೆ ಕೇಬಲ್ ಎಳೀಬೇಕು, ಕಂಬ ಎತ್ತಿ ನಿಲ್ಲಿಸೋ ವಿಶೇಷ ಹಡಗು ಬೇಕು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತೆ. ಒಂದು ಬೋಲ್ಟ್ ಬದಲಿಸಬೇಕಂದ್ರೂ ಅಲೆ ತಗ್ಗೋವರೆಗೆ ಕಾಯಬೇಕು. ಸರ್ಕಾರ ಕೈಹಿಡಿಯದಿದ್ರೆ ಆ ಖರ್ಚೆಲ್ಲ ಕರೆಂಟ್ ಬಿಲ್ಲಿಗೇ ಬರುತ್ತೆ.

ಇನ್ನೊಂದು ಲೆಕ್ಕ ಕಡತದಲ್ಲಿ ಸುಲಭವಾಗಿ ಕಾಣಲ್ಲ. ನಮಗೆ ಖಾಲಿ ಕಾಣೋ ನೀರು ಮೀನುಗಾರನಿಗೆ ಹೊಲ. ಅಲ್ಲಿ ಕಂಬ ನೆಡೋ ಮೊದಲು ಅವನನ್ನು ಕೇಳಬೇಕು. ಗಾಳಿ ಪುಕ್ಕಟೆ, ನಿಜ. ಅದನ್ನು ಹಿಡಿಯೋದು ಪುಕ್ಕಟೆ ಅಲ್ಲ.