ಹದಿಹರೆಯದವರಿಗಾಗಿ ಗ್ರಂಥಾಲಯ: ಹೊರನಾಡ ಕನ್ನಡ ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

ಬಾಲ್ಯವು ಕಳೆದು ಯೌವನವು ಇನ್ನೂ ಪೂರ್ಣವಾಗಿ ಮೂಡದಿರುವ ಕಾಲವೇ ಹದಿಹರೆಯ. ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷಗಳ ವಯೋಮಾನವನ್ನು ಹದಿಹರೆಯವೆಂದು ಪರಿಗಣಿಸುತ್ತದೆ. ಸ್ವಂತ ಅಭಿರುಚಿಯು ರೂಪುಗೊಳ್ಳುವುದೂ, ಹಿರಿಯರು ಹೇಳಿದ್ದನ್ನು ಪ್ರಶ್ನಿಸುವ ಮನೋಭಾವವು ಮೊಳೆಯುವುದೂ ಈ ಅವಧಿಯಲ್ಲಿಯೇ. ಆದರೆ ನಮ್ಮ ಬಹುತೇಕ ಗ್ರಂಥಾಲಯಗಳಲ್ಲಿ ಎರಡೇ ವಿಭಾಗಗಳು ಕಂಡುಬರುತ್ತವೆ: ಒಂದು ಮಕ್ಕಳದು, ಇನ್ನೊಂದು ವಯಸ್ಕರದು. ನಡುವಿನ ವಯಸ್ಸಿನವರು ಮೊದಲನೆಯದನ್ನು ದಾಟಿ ಬಂದಿರುತ್ತಾರೆ. ಎರಡನೆಯದರೊಳಗೆ ಕಾಲಿಡಲು ಅಳುಕುತ್ತಾರೆ. ಈ ಹಂತದಲ್ಲಿ ದೂರವಾದ ಓದುಗರನ್ನು ಮರಳಿ ಪಡೆಯುವುದು ಸುಲಭವಲ್ಲ.

ಹೊರನಾಡಿನ ವಿಶೇಷ ಪರಿಸ್ಥಿತಿ

ಕರ್ನಾಟಕದ ಹೊರಗಿನ ನಗರಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರಲ್ಲಿಯೂ, ಅಲ್ಲಿನ ಕರ್ನಾಟಕ ಸಂಘವು 1933ರಲ್ಲಿಯೂ, ದೆಹಲಿ ಕರ್ನಾಟಕ ಸಂಘವು 1948ರಲ್ಲಿಯೂ ಸ್ಥಾಪನೆಗೊಂಡವು. ಅಂದು ಊರು ಬಿಟ್ಟು ಬಂದ ಅನೇಕ ತರುಣರು ಕನ್ನಡದ ಅಕ್ಷರಗಳನ್ನು ಊರಿನ ಶಾಲೆಯಲ್ಲಿಯೇ ಕಲಿತಿದ್ದರು. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದು ಮುಂದುವರಿಸಿದ ಹುಡುಗರ ಪರಂಪರೆಯು ಆ ನಗರದ ಕನ್ನಡಿಗರಿಗೆ ಚಿರಪರಿಚಿತವಾಗಿದೆ.

ಇಂದಿನ ಮಕ್ಕಳ ಸ್ಥಿತಿ ಬೇರೆ. ಅವರು ಆ ನಗರಗಳಲ್ಲಿಯೇ ಹುಟ್ಟಿದವರು. ಮನೆಯಲ್ಲಿ ಕನ್ನಡವನ್ನಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ, ತಮಿಳು ಅಥವಾ ತೆಲುಗನ್ನು ಓದುತ್ತಾರೆ. ಇಂತಹ ಹದಿನೈದು ವರ್ಷದ ಬಾಲಕಿಯೊಬ್ಬಳ ವಿಚಾರಶಕ್ತಿಯು ಅವಳ ವಯಸ್ಸಿಗೆ ತಕ್ಕಂತೆಯೇ ಬೆಳೆದಿರುತ್ತದೆ. ಆದರೆ ಕನ್ನಡವನ್ನು ಓದುವ ವೇಗವು ಎಂಟು ವರ್ಷದ ಮಗುವಿನಷ್ಟೇ ಇರಬಹುದು. ಅವಳ ಕೈಗೆ ಕಾಗೆ ಗುಬ್ಬಿಯ ಕಥೆಯನ್ನಿತ್ತರೆ ಅವಮಾನವೆನಿಸುತ್ತದೆ. ಆರು ನೂರು ಪುಟಗಳ ಕಾದಂಬರಿಯನ್ನಿತ್ತರೆ ಹತ್ತನೆಯ ಪುಟದಲ್ಲಿ ಸೋಲುತ್ತಾಳೆ. ಬುದ್ಧಿಯ ವಯಸ್ಸಿಗೂ ಓದಿನ ವಯಸ್ಸಿಗೂ ನಡುವೆ ಇರುವ ಈ ಅಂತರವನ್ನು ತುಂಬುವುದೇ ಹೊರನಾಡಿನ ಗ್ರಂಥಾಲಯವು ಕೈಗೊಳ್ಳಬೇಕಾದ ಮುಖ್ಯ ಕಾರ್ಯವಾಗಿದೆ. ಇದನ್ನು ಕಡೆಗಣಿಸಿದಲ್ಲಿ, ಹಿರಿಯರು ಹಲವು ದಶಕಗಳ ಕಾಲ ಕೂಡಿಸಿಟ್ಟ ಗ್ರಂಥರಾಶಿಯು ಒಂದೇ ತಲೆಮಾರಿನಲ್ಲಿ ಓದುಗರಿಲ್ಲದೆ ಉಳಿಯುವ ಸಂಭವವಿದೆ.

ಗ್ರಂಥಗಳ ಆಯ್ಕೆ

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದಾಗ, 1931ರಲ್ಲಿ, ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಒಪ್ಪುವ ಗ್ರಂಥವು ದೊರೆಯಬೇಕೆಂಬುದು ಅವುಗಳಲ್ಲಿ ಒಂದರ ಆಶಯ. ಆಯ್ಕೆಗೆ ಇದೇ ಅಳತೆಗೋಲಾಗತಕ್ಕದ್ದು.

ಮೊದಲನೆಯದಾಗಿ, ವಿಷಯದಲ್ಲಿ ಪ್ರೌಢವಾಗಿದ್ದು ಗಾತ್ರದಲ್ಲಿ ಚಿಕ್ಕದಾಗಿರುವ ಕೃತಿಗಳನ್ನು ಆರಿಸಬೇಕು. ಸಣ್ಣ ಕಥೆ, ಪ್ರಬಂಧ, ಪ್ರವಾಸಕಥನ, ವಿಜ್ಞಾನ ಬರಹ ಹಾಗೂ ಜೀವನಚರಿತ್ರೆಗಳು ಇದಕ್ಕೆ ತಕ್ಕುವು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾಡು, ವಿಜ್ಞಾನ ಮತ್ತು ಹಾಸ್ಯವನ್ನು ಒಂದೆಡೆ ಬೆಸೆದ ಕಿರು ಕಾದಂಬರಿಯಾದುದರಿಂದ ಈ ವಯಸ್ಸಿನವರನ್ನು ಸೆಳೆಯಬಲ್ಲದು.

ಎರಡನೆಯದಾಗಿ, ಓದುಗನು ವಾಸಿಸುವ ನಗರಕ್ಕೆ ಸಂಬಂಧಿಸಿದ ಕೃತಿಗಳಿಗೆ ಪ್ರಾಶಸ್ತ್ಯ ನೀಡಬೇಕು. ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ನಿರೂಪಿಸುವ ಅವರ 'ಹಸುರು ಹೊನ್ನು' 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಇದರ ಒಂದೆರಡು ಅಧ್ಯಾಯಗಳನ್ನು ಚೆನ್ನೈನ ಕನ್ನಡ ಮಕ್ಕಳಿಗೆ ಓದಿ ಹೇಳಿದರೆ, ತಮ್ಮ ನಗರಕ್ಕೂ ಕನ್ನಡಕ್ಕೂ ಇರುವ ನಂಟು ಅವರಿಗೆ ಮನವರಿಕೆಯಾದೀತು.

ಮೂರನೆಯದಾಗಿ, ಒಂದೇ ಕೃತಿಯನ್ನು ಎರಡು ಭಾಷೆಗಳಲ್ಲಿ ಜೊತೆಯಾಗಿ ಇರಿಸುವುದು ಬಹಳ ಉಪಯುಕ್ತವಾದ ಕ್ರಮ. ಮುಂಬಯಿಯ ಬದುಕನ್ನು ಚಿತ್ರಿಸುವ ಜಯಂತ ಕಾಯ್ಕಿಣಿಯವರ ಕಥೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿಗೆ ಪಾತ್ರವಾಯಿತು. ಹದಿನಾರು ಹದಿನೇಳು ವರ್ಷದವರು ಇಂಗ್ಲಿಷಿನಲ್ಲಿ ಒಂದು ಕಥೆಯನ್ನೋದಿ, ಬಳಿಕ ಅದರ ಕನ್ನಡ ಮೂಲಕ್ಕೆ ಬಂದರೆ ಅರ್ಥದ ಭಯವಿರದು. ಗಮನವೆಲ್ಲ ಭಾಷೆಯ ಸೊಗಸಿನ ಮೇಲಿರುತ್ತದೆ. ಇನ್ನೂ ಚಿಕ್ಕವರಿಗೆ ನ್ಯಾಷನಲ್ ಬುಕ್ ಟ್ರಸ್ಟ್ ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟಿಸುವ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳನ್ನು ಇದೇ ರೀತಿ ಬಳಸಬಹುದಾಗಿದೆ. ಸಾಹಿತ್ಯ ಅಕಾಡೆಮಿಯು 2010ರಿಂದ ನೀಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಕನ್ನಡ ಕೃತಿಗಳ ಪಟ್ಟಿಯೂ ಆಯ್ಕೆಗೆ ಸಹಾಯಕ.

ಹರೆಯದ ದೈಹಿಕ ಬದಲಾವಣೆ, ಮನಸ್ಸಿನ ಆರೋಗ್ಯ, ವೃತ್ತಿಯ ಆಯ್ಕೆ ಮುಂತಾದ ವಿಷಯಗಳ ವಿಶ್ವಾಸಾರ್ಹ ಪುಸ್ತಕಗಳೂ ಇರಬೇಕು. ಇವುಗಳನ್ನು ಬೀಗ ಹಾಕಿದ ಕಪಾಟಿನಲ್ಲಿರಿಸಿದರೆ ಉದ್ದೇಶವೇ ವಿಫಲವಾಗುತ್ತದೆ. ಯಾರನ್ನೂ ಕೇಳದೆ ಕೈಗೆತ್ತಿಕೊಳ್ಳುವಂತಿರಬೇಕು. ಹಾಳೆ ಹರಿದ, ಮಾಹಿತಿ ಹಳತಾದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಈ ವಿಭಾಗದಿಂದ ಹಿಂತೆಗೆಯಬೇಕು. ದಾನವಾಗಿ ಬಂದ ಪುಸ್ತಕಗಳಿಗೂ ಈ ನಿಯಮವು ಅನ್ವಯಿಸತಕ್ಕದ್ದು.

ಕಾರ್ಯಕ್ರಮಗಳ ಯೋಜನೆ

ಉತ್ತಮ ಸಂಗ್ರಹವೊಂದರಿಂದಲೇ ಓದುಗರು ಬರುವುದಿಲ್ಲ. ಹದಿಹರೆಯದವರಿಗೆ ಏನು ಬೇಕೆಂಬುದನ್ನು ಅವರಿಂದಲೇ ತಿಳಿಯಬೇಕು. ಐದಾರು ಮಂದಿ ಬಾಲಕ ಬಾಲಕಿಯರ ಸಲಹಾ ಸಮಿತಿಯೊಂದನ್ನು ರಚಿಸಿ, ಆ ವರ್ಷದ ಪುಸ್ತಕ ಖರೀದಿಯ ಹಣದಲ್ಲಿ ಸಣ್ಣದೊಂದು ಭಾಗವನ್ನು ಅವರ ಆಯ್ಕೆಗೇ ಬಿಡುವುದು ಲೇಸು. ತಾವೇ ಆರಿಸಿದ ಪುಸ್ತಕವನ್ನು ಗೆಳೆಯರಿಗೆ ಓದಿಸುವ ಹೊಣೆಯನ್ನು ಅವರು ತಾವಾಗಿಯೇ ಹೊರುತ್ತಾರೆ.

ಓದಲು ಹಿಂಜರಿಯುವವರು ಮೊದಲು ಕೇಳುಗರಾಗಬಹುದು. ತಿಂಗಳಿಗೊಂದು ಭಾನುವಾರ ಹಿರಿಯರೊಬ್ಬರು ಒಂದು ಕಥೆಯನ್ನು ಗಟ್ಟಿಯಾಗಿ ಓದುವುದು, ಮಕ್ಕಳು ಪುಸ್ತಕದ ಮೇಲೆ ಕಣ್ಣಾಡಿಸುತ್ತ ಆಲಿಸುವುದು ಸರಳವಾದ ಕಾರ್ಯಕ್ರಮ. ಕಥೆಯನ್ನು ಕಿರುನಾಟಕವಾಗಿಸುವುದು, ಅಜ್ಜ ಅಜ್ಜಿಯರು ಊರು ಬಿಟ್ಟು ಬಂದ ವೃತ್ತಾಂತವನ್ನು ಕೇಳಿ ಬರೆದು ಗೋಡೆಪತ್ರಿಕೆಯಲ್ಲಿ ಪ್ರಕಟಿಸುವುದು, ಮೊಬೈಲಿನಲ್ಲಿ ಕನ್ನಡ ಲಿಪಿಯನ್ನು ಟೈಪು ಮಾಡಲು ಕಲಿಸುವುದು ಮುಂತಾದವುಗಳನ್ನೂ ಕೈಗೊಳ್ಳಬಹುದು. ಕನ್ನಡ ತಪ್ಪಾದಾಗ ನಗುವ ಪ್ರವೃತ್ತಿಗೆ ಇಲ್ಲಿ ಆಸ್ಪದವಿರಬಾರದು. ಒಮ್ಮೆ ನಗೆಗೀಡಾದ ಹುಡುಗನು ಮತ್ತೆ ಬಾಯಿ ತೆರೆಯಲಾರನು.

ವೇಳಾಪಟ್ಟಿಯು ಶಾಲೆಯ ವೇಳೆಗೆ ಹೊಂದಿಕೊಳ್ಳಬೇಕು. ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಪರೀಕ್ಷೆಗಳಿರುವುದರಿಂದ, ಆಗ ಕಾರ್ಯಕ್ರಮಗಳನ್ನು ಕಡಮೆ ಮಾಡಿ ಅಭ್ಯಾಸಕ್ಕೆ ಶಾಂತವಾದ ಸ್ಥಳವನ್ನು ಒದಗಿಸಬೇಕು; ಬೇಸಿಗೆ ರಜೆಯನ್ನು ಓದುವ ಶಿಬಿರಕ್ಕೆ ಬಳಸಿಕೊಳ್ಳಬೇಕು. ಹೆಣ್ಣುಮಕ್ಕಳು ಕತ್ತಲಾಗುವುದರೊಳಗೆ ಮನೆ ಸೇರಲು ಅನುಕೂಲವಾಗುವಂತೆ ಸಮಯವನ್ನು ಗೊತ್ತುಪಡಿಸುವುದು ಅವಶ್ಯ.

ದೊರೆಯುವ ನೆರವು

ಕೇಂದ್ರ ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿ, 1972ರಲ್ಲಿ ಸ್ಥಾಪಿತವಾದ ಕೋಲ್ಕತ್ತದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನವು ಸಾರ್ವಜನಿಕ ಗ್ರಂಥಾಲಯ ಸೇವೆ ನೀಡುವ ಸ್ವಯಂಸೇವಾ ಸಂಸ್ಥೆಗಳಿಗೂ ನಿಯಮಾನುಸಾರ ನೆರವು ನೀಡುವ ಯೋಜನೆಯನ್ನು ಹೊಂದಿದೆ. ಮಕ್ಕಳು ಮತ್ತು ಹದಿಹರೆಯದವರಿಗಾಗಿ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2023-24ನೇ ಸಾಲಿನ ಕೇಂದ್ರ ಮುಂಗಡಪತ್ರದಲ್ಲಿ ಘೋಷಿಸಲಾಯಿತು. 2024ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಇ-ಪುಸ್ತಕಾಲಯವೆಂಬ ಹೆಸರಿನಲ್ಲಿ ಅದು ಆರಂಭವಾಯಿತು. ಅದರಲ್ಲಿ ಪುಸ್ತಕಗಳನ್ನು ವಯೋಮಾನಕ್ಕನುಗುಣವಾಗಿ ವಿಂಗಡಿಸಲಾಗಿದೆ. ಸ್ಥಳದ ಅಭಾವವಿರುವ ಸಂಸ್ಥೆಗಳು ಒಂದು ಗಣಕಯಂತ್ರದ ಮೂಲಕ ಇದರ ಪ್ರಯೋಜನವನ್ನು ಪಡೆಯಬಹುದು.

ಇವೆಲ್ಲಕ್ಕೂ ದೊಡ್ಡ ಕಟ್ಟಡವೇನೂ ಬೇಕಿಲ್ಲ. ಒಂದು ಕಪಾಟು, ನಾಲ್ಕು ಕುರ್ಚಿ, ಆರಿಸಿದ ನೂರು ಪುಸ್ತಕಗಳಿದ್ದರೆ ಆರಂಭಕ್ಕೆ ಸಾಕು. ವರ್ಷಾಂತ್ಯದಲ್ಲಿ ಎರವಲು ವಹಿಯನ್ನು ತೆರೆದು, ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನವರು ಎಷ್ಟು ಕನ್ನಡ ಪುಸ್ತಕಗಳನ್ನು ಒಯ್ದರು, ಅವರಲ್ಲಿ ಎಷ್ಟು ಮಂದಿ ಎರಡನೆಯ ಪುಸ್ತಕಕ್ಕಾಗಿ ಮರಳಿ ಬಂದರು ಎಂಬುದನ್ನು ಸಂಸ್ಥೆಯ ಪದಾಧಿಕಾರಿಗಳು ಎಣಿಸಿ ನೋಡಲಿ. ಮುಂದಿನ ವರ್ಷದ ಯೋಜನೆಗೆ ಅದಕ್ಕಿಂತ ಉತ್ತಮವಾದ ಆಧಾರವಿಲ್ಲ.