ಹಳೇ ಸೀರೆಯ ಬೊಂತೆ: ನಾನು ತಡವಾಗಿ ಕಲಿತದ್ದು

2018ರ ಆಗಸ್ಟಿನವರೆಗೂ ನಮ್ಮ ಮನೆಯಲ್ಲಿ ಒಂದು ಬೊಂತೆ ಇತ್ತು. ನಮ್ಮತ್ತೆ ಹೊಲಿದದ್ದು, ಅವರ ಕೈಯ ಕೊನೇದು. ಅದಾದ ಮೇಲೆ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕೂಗೋರು. ಮಕ್ಕಳು ಸ್ಕೂಲಿಗೆ ಹೋದ ಹೊತ್ತಲ್ಲಿ ದಾರ ಮುಗಿದರೆ ಸಂಜೆವರೆಗೆ ಹಾಗೇ ಕೂತಿರೋರು. ನಾನು ಗದ್ದೆ, ಕೊಟ್ಟಿಗೆ ಅಂತ ಓಡಾಡಿಕೊಂಡಿದ್ದೆ. ಪಕ್ಕದಲ್ಲಿ ಕೂತು ಕಲಿಯೋಣ ಅಂತ ಒಂದು ದಿನವೂ ಅನ್ನಿಸಲಿಲ್ಲ. ಅತ್ತೆ ತೀರಿಕೊಂಡರು, ಬೊಂತೆ ಪೆಟ್ಟಿಗೆಯಲ್ಲಿ ಉಳಿಯಿತು.

ಆ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಕಾವೇರಿ ಕೆಂಪಗೆ ಉಕ್ಕಿ ಇಲ್ಲಿ ರುದ್ರಪಟ್ಟಣದಲ್ಲಿ ನಮ್ಮ ಹೊಳೆಯಂಚಿನ ಗದ್ದೆಗೂ ನೀರು ಬಂತು. ನಮಗೆ ನಾಟಿ ಹೋಯಿತು, ಅಷ್ಟೇ. ಮೇಲಿನವರಿಗೆ ಮನೆಯೇ ಹೋಗಿತ್ತು. ಶಿಬಿರದಲ್ಲಿರೋರಿಗೆ ಹೊದಿಕೆ ಬೇಕು ಅಂತ ಚರ್ಚಿನ ಹುಡುಗರು, ದೇವಸ್ಥಾನದವರು ಸೇರಿ ಒಂದು ಟೆಂಪೋ ತಂದು ನಿಲ್ಲಿಸಿದರು. ನಮ್ಮಲ್ಲಿದ್ದ ಎರಡು ರಗ್ಗೂ ಸೋರಿದ ನೀರಿಗೆ ನೆಂದಿದ್ದವು. ಒಣಗಿದ್ದದ್ದು ಪೆಟ್ಟಿಗೆಯ ಬೊಂತೆ ಒಂದೇ. ಕೊಟ್ಟುಬಿಟ್ಟೆ. ಇವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಊಟಕ್ಕೆ ಕೂತಾಗ ಕೇಳಿದರು: "ಕೊಟ್ಟದ್ದು ಸರಿ. ಇನ್ನೊಂದು ಹೊಲಿಯೋರು ಯಾರು?"

ಆ ಪ್ರಶ್ನೆಯಿಂದ ಈ ಕೆಲಸ ಶುರುವಾಯಿತು. ಹಿಂದಿನ ಬೀದಿಯ ಅಜ್ಜಿಯೊಬ್ಬರು ಕಲಿಸಿಕೊಟ್ಟರು. ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಕೈ ನಡುಗುತ್ತಿತ್ತು, ಬಾಯಿ ಮಾತ್ರ ಗಟ್ಟಿ. ಹೊಲಿದದ್ದು ನಾನು, ಬೈದದ್ದು ಅವರು. ಈಗ ಐದು ಮುಗಿದು ಆರನೆಯದು ನೆಲದ ಮೇಲಿದೆ.

ಬೊಂತೆ, ಕೌದಿ, ಕವಂದಿ

ನಾವು ಬೊಂತೆ ಅನ್ನೋದನ್ನೇ ಉತ್ತರ ಕರ್ನಾಟಕದವರು ಕೌದಿ ಅಂತಾರೆ. ಬಂಗಾಳದಲ್ಲಿ ಕಾಂಥಾ. ಹಳೇ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಸಾಲು ಹೊಲಿಗೆ ಹಾಕುವುದು ಎಲ್ಲ ಕಡೆಯೂ ಒಂದೇ. ಹತ್ತಿ ತುಂಬಿಸುವ ರಜಾಯಿಯೇ ಬೇರೆ, ಇದೇ ಬೇರೆ. ಇದಕ್ಕೆ ಅಂಗಡಿಯಿಂದ ತರಬೇಕಾದ್ದು ಸೂಜಿ, ದಾರ ಎರಡೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವುದಕ್ಕೆ ಕವಂದಿ ಅಂತ ಹೆಸರು. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಬರುವುದುಂಟು. ಹೊಲಿಯುವ ಕ್ರಮ ಮಾತ್ರ ಒಂದೇ. ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚು ಹಿಡಿದು ತೇಪೆ ಕೂರಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಚೂರು ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫೂಲಾ’ ಇಡುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. 2004ರಲ್ಲಿ ಅಮೆರಿಕದ ಪ್ರೊಫೆಸರ್ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ ಈ ಹೆಂಗಸರ ಸಹಕಾರ ಸಂಘವಾಯಿತು. 2011ರಲ್ಲಿ ಅವರ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯಲ್ಲಿ ತೂಗಿದವು. ಕಾಡಂಚಿನ ಮನೆಯಲ್ಲಿ ಮಗು ಮಲಗಿಸಲು ಹೊಲಿಯುತ್ತಿದ್ದದ್ದು ಅದೇ.

ಅಮೆರಿಕದ ಲುಥೆರನ್ ಚರ್ಚುಗಳ ಹೆಂಗಸರದ್ದು ಇನ್ನೊಂದು ಬಗೆ. ಅವರು ಗುಂಪಾಗಿ ಕೂತು, ಬಟ್ಟೆ ತುಂಡು ಜೋಡಿಸಿ, 60 ಅಂಗುಲ ಅಗಲ 80 ಅಂಗುಲ ಉದ್ದದ ಹೊದಿಕೆ ಮಾಡುತ್ತಾರೆ. ಇಂಥವು ಲುಥೆರನ್ ವರ್ಲ್ಡ್ ರಿಲೀಫ್ ಸಂಸ್ಥೆಯ ಮೂಲಕ ವರ್ಷಕ್ಕೆ ಲಕ್ಷಗಟ್ಟಲೆ, ಯುದ್ಧ ಭೂಕಂಪದಲ್ಲಿ ಮನೆ ಕಳಕೊಂಡವರಿಗೆ ಹೋಗಿವೆ. ಅವರಲ್ಲಿ ಹೆಚ್ಚಿನವರು ಸಾಲು ಹೊಲಿಗೆ ಹಾಕೋದಿಲ್ಲ. ಗೇಣಿಗೊಂದರಂತೆ ಗಟ್ಟಿ ದಾರ ತೂರಿಸಿ ಗಂಟು ಬಿಗಿಯುತ್ತಾರೆ. ಎರಡು ದಿನದಲ್ಲಿ ಒಂದು ಮುಗಿಯುತ್ತದೆ. ಅವಸರದಲ್ಲಿ ಕೊಡಬೇಕಾದಾಗ ನಾವೂ ಇದನ್ನು ಮಾಡಬಹುದು. ನಾನು ಒಂದು ಮಾಡಿ ನೋಡಿದೆ. ಬೆಚ್ಚಗಿದೆ, ಆದರೆ ಕಲ್ಲಿಗೆ ಬಡಿದು ಒಗೆಯುವ ನಮ್ಮ ಕೈಗೆ ಅದು ಬಾಳೋದಿಲ್ಲ.

ಎಂಥ ಬಟ್ಟೆ?

ಇದೇ ಮುಖ್ಯ. ಹತ್ತಿ ಸೀರೆ, ಹತ್ತಿ ಪಂಚೆ. ಸವೆದಿರಬೇಕು, ಪಿಸಿದಿರಬಾರದು. ಅಜ್ಜಿ ಸೀರೆಯ ಎರಡು ಕಡೆ ಹಿಡಿದು ಒಂದು ಸಲ ಜಗ್ಗುತ್ತಾರೆ. ಪರ್ ಅಂದರೆ ಪಕ್ಕಕ್ಕೆ. ಹೊಸ ಬಟ್ಟೆಯೂ ಬೇಡ, ಸೂಜಿ ಇಳಿಯೋದಿಲ್ಲ, ಒಗೆದ ಮೇಲೆ ಅದೊಂದೇ ಕುಗ್ಗಿ ಬೊಂತೆ ಮುದುರುತ್ತದೆ.

ಈಗಿನ ಸೀರೆಗಳಲ್ಲಿ ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಅಂತ ಕೈಗೆ ಗೊತ್ತಾಗೋದು ಕಷ್ಟ. ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್. ನನ್ನ ಮೊದಲ ಬೊಂತೆ ಹಾಳಾದದ್ದು ಇಲ್ಲೇ. ಬಣ್ಣ ಚೆನ್ನಾಗಿದೆ ಅಂತ ನಡುವೆ ಒಂದು ನೈಲಾನ್ ಸೀರೆ ಹಾಕಿದ್ದೆ. ಹೊಲಿಯುವಾಗಲೇ ಹಾವಿನಂತೆ ಜಾರಿ ಜಾರಿ ಒಂದು ಕಡೆ ಗಂಟಾಯಿತು. ಹೊದ್ದರೆ ಬೆವರು, ಹೊದೆಯದಿದ್ದರೆ ಚಳಿ. ಈಗ ಅದು ಕರು ಕಟ್ಟುವ ಜಾಗದಲ್ಲಿದೆ.

ಬಣ್ಣ ಬಿಡುವ ಸೀರೆಯನ್ನೂ ನೋಡಿಕೊಳ್ಳಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ತಿಳಿಯುತ್ತದೆ. ಜರಿ ಅಂಚು, ಫಾಲು, ಗುಂಡಿ, ಹುಕ್ಕು ಎಲ್ಲ ಬಿಚ್ಚಿಡಿ. ಗಂಜಿ ಉಳಿಯದ ಹಾಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗಂಜಿ ಉಳಿದರೆ ಜಿರಲೆಗೆ ಹಬ್ಬ.

ಅಳತೆಯ ಲೆಕ್ಕ

ಆರು ಗಜದ ಸೀರೆ ಅಂದರೆ 18 ಅಡಿ. ಮೂರು ಮಡಿಕೆ ಮಾಡಿದರೆ ಆರಡಿ ಉದ್ದ, ಮುಕ್ಕಾಲು ಕಡಿಮೆ ನಾಲ್ಕಡಿ ಅಗಲ ಅಲ್ಲ, ಕಾಲು ಕಡಿಮೆ ನಾಲ್ಕಡಿ ಅಗಲ, ಮೂರು ಪದರ. (ನಾನು ಇದನ್ನು ಹೇಳುವಾಗಲೆಲ್ಲ ಹೀಗೇ ತಪ್ಪುತ್ತೇನೆ. ಅಂಗುಲದಲ್ಲಿ 45.) ಎರಡು ಸೀರೆಗೆ ಆರು ಪದರ. ಎಂಟು ಮೊಳದ ಪಂಚೆ 12 ಅಡಿ, ಅದರಿಂದ ಎರಡು ಪದರ. ಒಬ್ಬರು ಹೊದೆಯಲು ಒಟ್ಟು ಎಂಟು ಪದರ ಸಾಕು. ನಮ್ಮೂರಿನ ಸಂಕೇತಿ ಮನೆಗಳ ಅಜ್ಜಿಯರ ಹದಿನೆಂಟು ಮೊಳದ ಸೀರೆ ಸಿಕ್ಕಿದರೆ ಭಾಗ್ಯ. 27 ಅಡಿ, ಒಂದೇ ಸೀರೆಯಲ್ಲಿ ನಾಲ್ಕು ಪದರ. ಕೂಸಿನ ಬೊಂತೆಗಾದರೆ ಎರಡೂವರೆ ಅಡಿ ಉದ್ದ, ನಾಲ್ಕೇ ಪದರ, ಅದೂ ಸವೆದು ಬೆಣ್ಣೆಯಾದ ಪಂಚೆಯದ್ದು.

ಹಾಸುವುದು, ಹೊಲಿಯುವುದು

ಗಾಳಿಯಿಲ್ಲದ ದಿನ ನಡುಮನೆಯಲ್ಲಿ ಚಾಪೆ ಹಾಕಿ ಪದರಗಳನ್ನು ಹಾಸಿ. ಗಟ್ಟಿ ಬಟ್ಟೆ ಕೆಳಕ್ಕೂ ಮೇಲಕ್ಕೂ, ಸವೆದದ್ದು ನಡುವಿಗೆ. ಒಂದೊಂದು ಪದರಕ್ಕೂ ಅಂಗೈಯಲ್ಲಿ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಬೇಕು. ಮೂಲೆಗೆ ಕಲ್ಲಿಡಿ. ಆಮೇಲೆ ಉದ್ದ ಉದ್ದ ಟಾಕ: ನಡುವಿನಿಂದ ನಾಲ್ಕು ಮೂಲೆಗೆ, ಮತ್ತೆ ನಾಲ್ಕು ಅಂಚಿಗೆ. ಇದಕ್ಕೆ ಬೇಸರಪಟ್ಟು ಬಿಟ್ಟವರ ಬೊಂತೆ ಕಡೆಗೆ ಒಂದು ಮೂಲೆ ಹೆಚ್ಚಾಗಿ ಬಾಲ ಬಿಟ್ಟಂತೆ ಆಗುತ್ತದೆ. ಟಾಕದ ದಾರ ಬೇರೆ ಬಣ್ಣದ್ದಿರಲಿ, ಕೊನೆಗೆ ಕೀಳಲು ಸುಲಭ.

ಮೇಲಿನ ತೇಪೆಗಳನ್ನು ಈಗ ಕೂರಿಸಬೇಕು. ಅಂಚನ್ನು ಒಳಕ್ಕೆ ಮಡಿಸಿ, ಸಿದ್ದಿಯವರಂತೆ ಹೊರಗಿನಿಂದ ಸುತ್ತಿಕೊಂಡು ಬನ್ನಿ. ನಮ್ಮ ಕಡೆ ಮೊದಲು ಉದ್ದುದ್ದ ಸಾಲು ಹಾಕುವ ರೂಢಿ. ನಾನು ಎರಡೂ ಮಾಡಿ ನೋಡಿದೆ. ಸುತ್ತು ಹೊಲಿಗೆಯಲ್ಲಿ ಅಂಚು ಮೊದಲೇ ಬಿಗಿಯಾಗುತ್ತದೆ, ಎತ್ತಿ ಮಡಿಸಿಟ್ಟರೂ ಕೆಲಸ ಕೆಡೋದಿಲ್ಲ. ಹಾಲು ಕರೆಯಲು, ಒಲೆ ನೋಡಲು ಎದ್ದು ಎದ್ದು ಹೋಗುವ ನಮ್ಮಂಥವರಿಗೆ ಅದೇ ವಾಸಿ.

ಹೊಲಿಗೆ ಅಕ್ಕಿಕಾಳಿನಷ್ಟು. ಸಾಲಿನಿಂದ ಸಾಲಿಗೆ ಒಂದು ಬೆರಳು. ಅಂಗುಲಕ್ಕೊಂದು ಸಾಲಾದರೆ ಆರಡಿಯ 45 ಸಾಲು, 270 ಅಡಿ. ದಾರ ಮೇಲೆ ಕೆಳಗೆ ಓಡುವುದು, ಗಂಟು ಎಲ್ಲ ಸೇರಿ ಇನ್ನೂ ಹೆಚ್ಚು ಬೇಕು. ಜೋಡಿ ಎಳೆ ಹಾಕಿದರೆ ಅದರ ಎರಡರಷ್ಟು. ಒಂದೇ ಬಣ್ಣದ ದಾರ ಮೊದಲೇ ಸಾಕಷ್ಟು ತಂದಿಟ್ಟುಕೊಳ್ಳಿ. ಒಂದು ಮಾರಿಗಿಂತ ಉದ್ದದ ದಾರ ಪೋಣಿಸಬೇಡಿ, ಸಿಕ್ಕಾಗುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಹುರಿ ಬಿಚ್ಚೋದಿಲ್ಲ, ಎಂಟು ಪದರದಲ್ಲೂ ಸಲೀಸು. ಗೋಣಿ ಹೊಲಿಯುವ ದಬ್ಬಳ ಬೇಡ, ಅದು ಹತ್ತಿಗೆ ತೂತು ಮಾಡುತ್ತದೆ. ಉದ್ದನೆಯ ಸಣ್ಣ ಸೂಜಿ ಸಾಕು. ಬೆರಳಿಗೆ ನಾನು ಸೈಕಲ್ ಟ್ಯೂಬಿನ ಚೂರು ಸುತ್ತಿಕೊಳ್ಳುತ್ತೇನೆ.

ಮಾರಿದರೆ?

ನಾಟಿ ಮುಗಿದ ಮೇಲೆ, ಒಕ್ಕಲು ಆದ ಮೇಲೆ, ಮಧ್ಯಾಹ್ನ ದಿನಕ್ಕೆ ಮೂರು ಗಂಟೆಯಂತೆ ನನಗೆ ಒಂದಕ್ಕೆ 25 ದಿನ ಹಿಡಿಯಿತು. 75 ಗಂಟೆ. ನಿಮ್ಮೂರಿನ ಕೂಲಿ ದರದಲ್ಲಿ ನೀವೇ ಗುಣಿಸಿ ನೋಡಿ. ಅಷ್ಟು ದುಡ್ಡು ಕೊಟ್ಟು ನಮ್ಮ ಹಳೇ ಸೀರೆ ಕೊಳ್ಳೋರು ಯಾರು? ಎರಡನೆಯ ಬೊಂತೆಯನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಕೊಟ್ಟದ್ದು ಎಂಟು ದಿನದ ಕೂಲಿಯೂ ಆಗಲಿಲ್ಲ. ಆಮೇಲೆ ಅದೇ ಬೊಂತೆ ಚೀಟಿ ಅಂಟಿಸಿಕೊಂಡು ಮೂರರಷ್ಟು ಬೆಲೆಗೆ ಕೂತಿತ್ತು. ಗ್ರಾಮೀಣ ಮಹಿಳೆಗೆ ಉಪಕಸುಬು ಅಂತ ಭಾಷಣ ಮಾಡುವವರು ಈ ಗಂಟೆಗಳನ್ನು ಎಣಿಸಿಲ್ಲ. ಸಿದ್ದಿಯವರ ಹಾಗೆ ಸಂಘ ಕಟ್ಟಿ, ತಮ್ಮದೇ ವಿನ್ಯಾಸ ಇಟ್ಟುಕೊಂಡರೆ ಮಾತು ಬೇರೆ. ಒಬ್ಬೊಬ್ಬರೇ ಮಾರಲು ಹೊರಟರೆ ನಷ್ಟವೇ.

ಹಾಗಾಗಿ ನಾವು ಕೊಡುವುದಕ್ಕೆ ಹೊಲಿಯುತ್ತೇವೆ. ನಾವು ಅಂದರೆ ಬೀದಿಯ ಐದು ಮನೆ. ಎಲ್ಲರ ಮನೆಯ ಬಟ್ಟೆ ಸೇರಿಸಿ ವರ್ಷಕ್ಕೊಂದು. ಐದು ಜನ ಸುತ್ತ ಕೂತರೆ ವಾರದಲ್ಲಿ ಮುಗಿಯುತ್ತದೆ. ಮೊದಲನೆಯದು ಟೆಂಪೋ ತಂದಿದ್ದ ಚರ್ಚಿನ ಹುಡುಗರ ಕೈಗೆ ಕೊಟ್ಟೆವು, ರಾತ್ರಿ ಉಳಿಯುವವರಿಗೆ ಇರಲಿ ಅಂತ. ಇನ್ನೊಂದು ಮೊದಲ ಬಾಣಂತನಕ್ಕೆ ಬಂದ ಹುಡುಗಿಗೆ. ಮತ್ತೊಂದು ಬೀದಿಗೇ ಸೇರಿದ್ದು. ನಮ್ಮೂರಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿ ಆಕಾರದ ಮಂದಿರ ಇದೆಯಲ್ಲ, ಅಲ್ಲಿಗೆ, ಸಂಗೀತೋತ್ಸವಕ್ಕೆ ಅಂತ ನೆಂಟರಿಷ್ಟರು ಬಂದಾಗ ಯಾರ ಮನೆಯಲ್ಲಿ ಹಾಸಿಗೆ ಸಾಲದೋ ಅವರ ಮನೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಹೊದೆಯಲು ಅಲ್ಲ, ಹಾಸಲು.

ಒಗೆಯುವುದು ವರ್ಷಕ್ಕೆ ಒಂದೆರಡು ಸಲ ಸಾಕು, ಅದೂ ಶಿವರಾತ್ರಿ ಕಳೆದ ಬಿಸಿಲಲ್ಲಿ. ನೆಂದರೆ ಹೆಣಭಾರ, ಹಿಂಡಲು ಇಬ್ಬರು ಬೇಕು. ಎರಡೂ ಮಗ್ಗುಲು ಗರಿಗರಿ ಒಣಗದೆ ಮಡಿಸಿದರೆ ಬೂಷ್ಟು ಹಿಡಿಯುತ್ತದೆ. ಮಡಿಕೆಗಳಲ್ಲಿ ಒಣಗಿದ ಬೇವಿನ ಸೊಪ್ಪು ಇಡಿ. ನಮ್ಮ ಅರಕಲಗೂಡು ತಾಲ್ಲೂಕಲ್ಲಿ ಕೆಲವರು ಹೊಗೆಸೊಪ್ಪಿನ ಎಲೆ ಇಡುತ್ತಾರೆ. ಹುಳ ಬರೋದಿಲ್ಲ ನಿಜ, ನಿದ್ದೆಯೂ ಬರೋದಿಲ್ಲ. ಒಂದು ಹೊಲಿಗೆ ಬಿಟ್ಟರೆ ಅವತ್ತೇ ಹಾಕಿ. ಮೇಲ್ಪದರ ಸವೆದಾಗ ಬಿಸಾಡಬೇಕಿಲ್ಲ, ಅದರ ಮೇಲೇ ಇನ್ನೊಂದು ಸೀರೆ ಹೊಲಿದರೆ ಮತ್ತಷ್ಟು ವರ್ಷ.

ಆರನೆಯದು ನಮ್ಮ ಮನೆಗೇ. ಹಾಸಲು ಶುರು ಮಾಡಿದ ದಿನ ಇವರು ಅಟ್ಟದಿಂದ ಒಂದು ಗಂಟು ಇಳಿಸಿ ತಂದರು. ಅತ್ತೆಯ ಕಂದು ಬಣ್ಣದ ಸೀರೆ, ಇಷ್ಟು ವರ್ಷ ಅಲ್ಲಿತ್ತು ಅಂತ ನನಗೇ ಗೊತ್ತಿರಲಿಲ್ಲ. "ಒಳಗಡೆ ಹಾಕಬೇಡ, ಮೇಲೆ ಕಾಣೋ ಹಾಗೆ ಹಾಕು" ಅಂದರು. ಅಜ್ಜಿ ಎರಡು ಕಡೆ ಹಿಡಿದು ಜಗ್ಗಿದರು. ಪರ್ ಅಂತು. ಪಿಸಿಯದೆ ಉಳಿದದ್ದು ಸೆರಗಿನ ಕಡೆ ಒಂದು ಮೊಳ. ಅದರಲ್ಲಿ ನಾಲ್ಕು ತೇಪೆ ಕತ್ತರಿಸಿ, ಮೂಲೆಗೊಂದರಂತೆ ಕೂರಿಸಿದ್ದೇನೆ.